ಕೀಳಿಸುವ ಮೊದಲು ಒಮ್ಮೆ ಮೈಕ್ರೋಸ್ಕೋಪಿನಲ್ಲಿ ನೋಡಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಮೂರು ವರ್ಷದ ಹಿಂದೆ ರೂಟ್ ಕೆನಾಲ್ (ಬೇರಿನ ಒಳಗಿನ ನಾಳ ಸ್ವಚ್ಛ ಮಾಡಿ ತುಂಬುವ ಚಿಕಿತ್ಸೆ) ಮಾಡಿಸಿದ ಮೇಲಿನ ದವಡೆ ಹಲ್ಲು ಮತ್ತೆ ನೋಯುತ್ತಿದೆ, ಒಸಡಿನಲ್ಲಿ ಗುಳ್ಳೆ ಏಳುತ್ತಿದೆ, ಏನು ಮಾಡಲಿ ಅಂತ. ಉತ್ತರ ಎರಡೇ ಸಾಲು ಇತ್ತು. ಚಿಕಿತ್ಸೆ ವಿಫಲವಾಗಿದೆ, ಹಲ್ಲು ತೆಗೆಸಿ ಇಂಪ್ಲಾಂಟ್, ಅಂದರೆ ಮೂಳೆಯಲ್ಲಿ ಕೂರಿಸುವ ಕೃತಕ ಹಲ್ಲು, ಹಾಕಿಸಿಕೊಳ್ಳಿ. ಅದನ್ನು ಓದಿ ನನಗೆ ತುಂಬಾ ಸಂಕಟವಾಯಿತು. 2024ರಲ್ಲಿ ನನಗೂ ಇದೇ ಮಾತು ಹೇಳಿದ್ದರು. ಆ ಹಲ್ಲು ಇವತ್ತೂ ನನ್ನ ಬಾಯಲ್ಲೇ ಇದೆ. ಬೆಳಿಗ್ಗೆ ಅದರಲ್ಲೇ ಚಪಾತಿ ಅಗಿದು ತಿಂದು ಈ ಕಾಗದ ಬರೆಯಲು ಕೂತಿದ್ದೇನೆ.

ನಾನು ಡಾಕ್ಟರಲ್ಲ. ಬೆಂಗಳೂರಿನ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ 1979ರಿಂದ 21 ವರ್ಷ ಜೋಡಣೆ ವಿಭಾಗದಲ್ಲಿ ದುಡಿದವಳು. ಸ್ವಯಂ ನಿವೃತ್ತಿ ತಗೊಂಡ ಮೇಲೆ ಯಜಮಾನರ ಊರು ತಿಪಟೂರಿಗೆ ಬಂದು ನೆಲೆಸಿದೆವು. ಹಲ್ಲಿನ ವಿಷಯಕ್ಕೆ ವಾಚಿನ ಕಥೆ ಯಾಕೆ ಅಂತ ನಿಮಗೆ ಅನ್ನಿಸಬಹುದು. ನನ್ನ ಹಲ್ಲಿಗೆ ಏನಾಯಿತು ಅಂತ ನನಗೆ ಅರ್ಥವಾದದ್ದೇ ಆ ಕೆಲಸದಿಂದ. ಅದಕ್ಕೇ ಹೇಳುತ್ತಿದ್ದೇನೆ.

ಎಚ್‌ಎಂಟಿಯ ಜನತಾ ವಾಚಿನಲ್ಲಿ 17 ಜ್ಯೂಯೆಲ್ ಇರುತ್ತಿದ್ದವು. ಜ್ಯೂಯೆಲ್ ಅಂದರೆ ಸಾಸಿವೆಗಿಂತ ಸಣ್ಣ ಕೆಂಪು ಕಲ್ಲು, ಅದರ ನಡುವೆ ಒಂದು ತೂತು. ಚಕ್ರದ ಮೊನೆ ಆ ತೂತಿನಲ್ಲಿ ನೇರವಾಗಿ ಕೂರಬೇಕು. ಮೊನೆ ಇರುವುದು ಹೆಚ್ಚುಕಮ್ಮಿ ಕೂದಲೆಳೆಯಷ್ಟು. ಬರಿಗಣ್ಣಿಗೆ ಕೂತ ಹಾಗೆ ಕಾಣುತ್ತದೆ, ಆದರೆ ಒಂದೊಂದು ಸಲ ಅಂಚಿನ ಮೇಲೆ ನಿಂತಿರುತ್ತದೆ. ಹಾಗೇ ಮೇಲಿನ ಪ್ಲೇಟ್ ಮುಚ್ಚಿ ಸ್ಕ್ರೂ ಬಿಗಿದರೆ ಮೊನೆ ಮುರಿಯಿತು ಅಂತಲೇ ಲೆಕ್ಕ. ಅದಕ್ಕೆ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಕೊಡುತ್ತಿದ್ದರು, ಲೂಪ್ ಅನ್ನುತ್ತಿದ್ದೆವು. ತಪಾಸಣೆ ಮಾಡುವವರ ಮೇಜಿನ ಮೇಲೆ ಮೈಕ್ರೋಸ್ಕೋಪೇ ಇರುತ್ತಿತ್ತು. ಸೇರಿದ ಮೊದಲ ತಿಂಗಳು ನನ್ನ ಸೂಪರ್‌ವೈಸರ್ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು, ‘ಕಾಣದೆ ಸ್ಕ್ರೂ ಮುಟ್ಟಬೇಡಮ್ಮ’ ಅಂತ.

ಇನ್ನು ಹಲ್ಲಿನ ವಿಷಯ. 2019ರಲ್ಲಿ ಮೇಲಿನ ಬಲಗಡೆ ಮೊದಲ ದವಡೆ ಹಲ್ಲು ಹುಳುಕಾಗಿ ರಾತ್ರಿಯೆಲ್ಲ ನಿದ್ದೆ ಇಲ್ಲದ ಹಾಗಾಯಿತು. ಊರಲ್ಲೇ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ರೂಟ್ ಕೆನಾಲ್ ಮಾಡಿಸಿದೆ. ಮೂರು ಸಲ ಕರೆಸಿದರು. 4,000 ರೂಪಾಯಿ, ಮೇಲೆ ಕ್ಯಾಪಿಗೆ 5,000. ಅವರು ಒಳ್ಳೆಯವರು, ಕೈ ಹಗುರ, ದುಡ್ಡಿಗೆ ಆಸೆ ಪಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಾಗದ ಅವರ ಮೇಲಿನ ದೂರಲ್ಲ. ನನ್ನ ಹೆಸರು ಹಾಕಬೇಡಿ ಅಂತ ನಿಮ್ಮನ್ನು ಕೇಳಿಕೊಂಡಿರುವುದೂ ಅದಕ್ಕೇ. ಸಣ್ಣ ಊರು, ನನ್ನ ಹೆಸರು ಗೊತ್ತಾದರೆ ಅವರ ಹೆಸರೂ ಗೊತ್ತಾಗುತ್ತದೆ.

ಮೂರು ವರ್ಷ ಏನೂ ತೊಂದರೆ ಇರಲಿಲ್ಲ. 2022ರ ಮಳೆಗಾಲದಲ್ಲಿ ಆ ಹಲ್ಲಿನ ಮೇಲಿನ ಒಸಡಿನಲ್ಲಿ ಅವರೆಕಾಳಿನಷ್ಟು ಗುಳ್ಳೆ ಎದ್ದಿತು. ಒತ್ತಿದರೆ ಕೀವು. ಐದು ದಿನ ಮಾತ್ರೆ ತಗೊಂಡೆ, ಹೋಯಿತು. ನಾಲ್ಕು ತಿಂಗಳಿಗೆ ಮತ್ತೆ ಬಂತು, ಮತ್ತೆ ಮಾತ್ರೆ. ಹೀಗೇ ಮೂರು ಸಲ. 2024ರ ಸಂಕ್ರಾಂತಿ ದಿನ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡೆ. ನಮ್ಮೂರ ಕೊಬ್ಬರಿ ಗೊತ್ತಲ್ಲ, ಗಟ್ಟಿ. ಒಂದು ಚೂರು ಆ ಹಲ್ಲಿನ ಮೇಲೆ ಬಿದ್ದದ್ದೇ ತಡ, ಕಣ್ಣಿಗೆ ಕತ್ತಲೆ ಬಂದ ಹಾಗಾಯಿತು. ಎಳ್ಳು ಬೀರಲು ಬಂದಿದ್ದ ಮಕ್ಕಳ ಮುಂದೆ ಕೆನ್ನೆ ಹಿಡಿದುಕೊಂಡು ಕೂತುಬಿಟ್ಟೆ.

ಡಾಕ್ಟರು ಎಕ್ಸ್‌ರೇ ತೆಗೆದು ನೋಡಿದರು. ‘ಮೂರೂ ಕೆನಾಲ್ ತುದಿವರೆಗೆ ಚೆನ್ನಾಗೇ ತುಂಬಿದೆ ಅಮ್ಮ. ಆದರೂ ಬೇರಿನ ತುದೀಲಿ ಸೋಂಕು ಇದೆ. ಇದು ಉಳಿಯಲ್ಲ. ಕೀಳಿಸಿ ಇಂಪ್ಲಾಂಟ್ ಹಾಕಿಸಿಬಿಡಿ’ ಅಂದರು. ಇಂಪ್ಲಾಂಟಿಗೆ 35,000 ಆಗುತ್ತದೆ ಅಂದರು. ಕೀಳಿಸಲು ಬುಧವಾರ ಅಂತ ದಿನವೂ ಗೊತ್ತಾಯಿತು.

ಮನೆಗೆ ಬಂದ ಮೇಲೆ ಒಂದೇ ಯೋಚನೆ. ಮೂರೂ ಚೆನ್ನಾಗಿ ತುಂಬಿದ್ದರೆ ಕೀವು ಎಲ್ಲಿಂದ ಬರುತ್ತಿದೆ? ವಾಚು ನಿಂತರೆ ನಾವು ‘ಎಲ್ಲ ಸರಿಯಾಗಿದೆ, ಆದರೂ ನಿಂತಿದೆ’ ಅಂತ ಬರೆದುಕೊಡುತ್ತಿರಲಿಲ್ಲ. ಎಲ್ಲೋ ಒಂದು ಕಡೆ ನಮಗೆ ಕಾಣದ್ದು ಇರಲೇಬೇಕು ಅಂತ ಮತ್ತೆ ಬಿಚ್ಚುತ್ತಿದ್ದೆವು. ಬೆಂಗಳೂರಿನಲ್ಲಿರುವ ಸೊಸೆಗೆ ಫೋನ್ ಮಾಡಿದೆ. ಅವಳು ವಿಚಾರಿಸಿ, ‘ಅತ್ತೆ, ಬುಧವಾರ ಕೀಳಿಸಬೇಡಿ. ಇಲ್ಲಿ ಹಲ್ಲಿನ ಕಾಲೇಜಿನಲ್ಲಿ ಮೈಕ್ರೋಸ್ಕೋಪ್ ಇಟ್ಟು ರೂಟ್ ಕೆನಾಲ್ ಮಾಡ್ತಾರಂತೆ, ಒಂದ್ಸಲ ತೋರಿಸೋಣ’ ಅಂದಳು. ಮೈಕ್ರೋಸ್ಕೋಪ್ ಅಂದ ತಕ್ಷಣ ನಾನು ಹೊರಟುಬಿಟ್ಟೆ.

ಅಲ್ಲಿ ನನ್ನನ್ನು ನೋಡಿದ್ದು ಎಂಡಿಎಸ್, ಅಂದರೆ ಹಲ್ಲಿನ ವೈದ್ಯಕೀಯದಲ್ಲಿ ಸ್ನಾತಕೋತ್ತರ ಪದವಿ, ಓದುತ್ತಿದ್ದ ಒಬ್ಬ ಹುಡುಗಿ, ಜೊತೆಗೆ ಅವಳ ಪ್ರೊಫೆಸರು. ಹಲ್ಲನ್ನು ಎಲ್ಲ ಕಡೆಯಿಂದಲೂ ತೋರಿಸುವ, ಸಿಬಿಸಿಟಿ ಅನ್ನುವ ಸ್ಕ್ಯಾನ್ ಮಾಡಿಸಿದರು. ಆ ಹುಡುಗಿ ಎಷ್ಟು ತಾಳ್ಮೆಯಿಂದ ವಿವರಿಸಿದಳು ಅಂದರೆ ನನಗೆ ಈಗಲೂ ಮಾತು ಮಾತು ನೆನಪಿದೆ. ಮೇಲಿನ ಮೊದಲ ದವಡೆ ಹಲ್ಲಿಗೆ ಬೇರು ಮೂರು. ಆದರೆ ಒಳಗಿನ ನಾಳ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ನಾಲ್ಕು ಇರುತ್ತದೆ. ಮುಂದಿನ ಕೆನ್ನೆ ಕಡೆಯ ಬೇರಿನಲ್ಲಿ ಎರಡು ನಾಳ, ಅದರಲ್ಲಿ ಎರಡನೆಯದು ತುಂಬಾ ಸಣ್ಣದು. ಅದರ ಬಾಯಿ ಹಲ್ಲಿನದೇ ಒಂದು ತೆಳು ಅಂಚಿನ ಕೆಳಗೆ ಅಡಗಿರುತ್ತದೆ. ವಯಸ್ಸಾದ ಹಾಗೆ ನಾಳ ಇನ್ನೂ ಕಿರಿದಾಗುತ್ತಾ ಹೋಗುತ್ತದೆ. ಮಾಮೂಲಿ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು, ಯಾಕೆಂದರೆ ಒಂದು ನಾಳ ಇನ್ನೊಂದರ ಹಿಂದೆ ನಿಂತಿರುತ್ತದೆ. ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರೆ ಹಿಂದಿನವರು ಕಾಣುತ್ತಾರಾ? ಹಾಗೆ. ನನ್ನ ಸ್ಕ್ಯಾನಿನಲ್ಲಿ ಆ ಬೇರಿನ ತುಂಬುವಿಕೆ ಒಂದು ಪಕ್ಕಕ್ಕೆ ಇತ್ತು, ನಡುವೆ ಇರಲಿಲ್ಲ. ಇನ್ನೊಂದು ಪಕ್ಕದಲ್ಲಿ ಯಾರೂ ಮುಟ್ಟದ ನಾಳ ಇರಬೇಕು ಅನ್ನುವುದಕ್ಕೆ ಅದೇ ಗುರುತು ಅಂದಳು.

ಅಂದರೆ ಊರಿನ ಡಾಕ್ಟರು ಮಾಡಿದ ಮೂರೂ ನಾಳದ ಕೆಲಸ ಚೆನ್ನಾಗೇ ಇತ್ತು. ನಾಲ್ಕನೆಯದು ಅವರಿಗೆ ಕಂಡಿರಲಿಲ್ಲ. ಐದು ವರ್ಷ ಅಲ್ಲೇ ಸೋಂಕು ಕೂತಿತ್ತು. ನಾನು ನುಂಗಿದ ಮಾತ್ರೆಗಳು ಅಲ್ಲಿಗೆ ತಲುಪುವುದೇ ಇಲ್ಲವಂತೆ, ಯಾಕೆಂದರೆ ಸತ್ತ ನರದ ಜಾಗಕ್ಕೆ ರಕ್ತ ಹರಿಯುವುದಿಲ್ಲ. ಬಾವು ಇಳಿಯುತ್ತಿತ್ತು ಅಷ್ಟೆ, ಮೂಲ ಹಾಗೇ ಇರುತ್ತಿತ್ತು.

ಮೊದಲ ಸಲ ಎರಡೂವರೆ ಗಂಟೆ ಮಲಗಿದ್ದೆ. ಹಳೆಯ ಕ್ಯಾಪ್ ತೆಗೆದು, ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿದರು. ರಬ್ಬರ್ ಡ್ಯಾಮ್ ಅನ್ನುತ್ತಾರೆ. ಆ ಒಂದು ಹಲ್ಲು ಮಾತ್ರ ಹಾಳೆಯ ತೂತಿನಿಂದ ಹೊರಗೆ, ಮಿಕ್ಕ ಬಾಯೆಲ್ಲ ಹಾಳೆಯ ಹಿಂದೆ. ಎಂಜಲು ಒಳಗೆ ಹೋಗಲ್ಲ, ಔಷಧಿ ಗಂಟಲಿಗೆ ಇಳಿಯಲ್ಲ. ಇದನ್ನು ಅಮೆರಿಕದ ಬಾರ್ನಮ್ ಅನ್ನುವ ದಂತವೈದ್ಯರು 1864ರಲ್ಲೇ ಕಂಡುಹಿಡಿದರಂತೆ. 2019ರಲ್ಲಿ ನನಗೆ ಇದನ್ನು ಕಟ್ಟಿರಲಿಲ್ಲ. ಮೈಕ್ರೋಸ್ಕೋಪ್ ಇಲ್ಲದ ಕಡೆಯೂ ಈ ಒಂದು ರಬ್ಬರ್ ಹಾಳೆಯನ್ನು ಓದುಗರು ಕೇಳಿ ಕಟ್ಟಿಸಿಕೊಳ್ಳಬೇಕು. ಅದಕ್ಕೆ ಲಕ್ಷಗಟ್ಟಲೆ ಬೇಕಾಗಿಲ್ಲ.

ಆಮೇಲೆ ಮೈಕ್ರೋಸ್ಕೋಪನ್ನು ನನ್ನ ಮುಖದ ಮೇಲಕ್ಕೆ ಎಳೆದುಕೊಂಡರು. ಗೋಡೆಗೆ ಜೋಡಿಸಿದ ಉದ್ದ ತೋಳಿನ ತುದಿಯಲ್ಲಿತ್ತು. ಮೂರು ಪಟ್ಟಿನಿಂದ ಹಿಡಿದು ಇಪ್ಪತ್ತಕ್ಕಿಂತ ಜಾಸ್ತಿ ಪಟ್ಟು ದೊಡ್ಡದಾಗಿ ಕಾಣುತ್ತದಂತೆ. ನನಗೆ ಅದಕ್ಕಿಂತ ಹಿಡಿಸಿದ್ದು ಅದರ ಬೆಳಕು. ವಾಚಿನ ಕೆಲಸದಲ್ಲಿ ನಮಗೆ ದೊಡ್ಡ ಶತ್ರು ನಮ್ಮ ಕೈಯ ನೆರಳೇ ಆಗಿತ್ತು. ದೀಪ ಎಡಕ್ಕಿಟ್ಟರೆ ಬಲಕ್ಕೆ ನೆರಳು, ಬಲಕ್ಕಿಟ್ಟರೆ ಎಡಕ್ಕೆ. ಈ ಯಂತ್ರದಲ್ಲಿ ಡಾಕ್ಟರ ನೋಟ ಯಾವ ದಾರಿಯಲ್ಲಿ ಹೋಗುತ್ತದೋ ಬೆಳಕೂ ಅದೇ ದಾರಿಯಲ್ಲಿ ಇಳಿಯುತ್ತದೆ. ಹಾಗಾಗಿ ಬಾವಿಯ ತಳ ಕಂಡ ಹಾಗೆ ಹಲ್ಲಿನ ತಳ ಕಾಣುತ್ತದೆ, ನೆರಳು ಅಡ್ಡ ಬರುವುದಿಲ್ಲ. ಡಾಕ್ಟರು ಬಗ್ಗಿಯೂ ಕೂತಿರಲಿಲ್ಲ. ನನ್ನ ತಲೆಯ ಹಿಂದೆ ನೆಟ್ಟಗೆ ಕೂತು, ಮೇಲಿನ ಹಲ್ಲನ್ನು ಪುಟ್ಟ ಕನ್ನಡಿಯಲ್ಲಿ ನೋಡುತ್ತಾ ಕೆಲಸ ಮಾಡಿದರು. 21 ವರ್ಷ ಕತ್ತು ಬಗ್ಗಿಸಿ ಕೂತವಳಿಗೆ ಅದು ಎಂಥ ಭಾಗ್ಯ ಅಂತ ಚೆನ್ನಾಗಿ ಗೊತ್ತು.

ಮಧ್ಯದಲ್ಲಿ ಒಮ್ಮೆ ನಿಲ್ಲಿಸಿ, ಪಕ್ಕದ ಟಿವಿ ಪರದೆಯ ಮೇಲೆ ಹಿಡಿದಿಟ್ಟ ಚಿತ್ರ ತೋರಿಸಿದರು. ಹಲ್ಲಿನ ಒಳಗೋಡೆ ತಿಳಿ ಹಳದಿ. ತಳ ಬೂದು ಬಣ್ಣ. ತಳದಲ್ಲಿ ಕಪ್ಪು ಗೆರೆಗಳು ಒಂದು ನಾಳದ ಬಾಯಿಯಿಂದ ಇನ್ನೊಂದಕ್ಕೆ ಹೋಗಿದ್ದವು, ಥೇಟ್ ಊರಿನ ನಕಾಶೆಯಲ್ಲಿ ದಾರಿ ಎಳೆದ ಹಾಗೆ. ‘ಈ ಗೆರೆ ನೋಡಿ ಅಮ್ಮ, ಇದು ಇಲ್ಲಿಗೆ ಬಂದು ಸುಮ್ನೆ ನಿಂತುಬಿಟ್ಟಿದೆ. ಇದರ ಕೆಳಗೇ ಇರಬೇಕು’ ಅಂದಳು ಆ ಹುಡುಗಿ. ಅಲ್ಟ್ರಾಸೋನಿಕ್ ಅನ್ನುವ, ಸೂಕ್ಷ್ಮವಾಗಿ ಅದುರುವ ಮೊನೆಯಿಂದ ಆ ಅಂಚನ್ನು ಚೂರುಚೂರೇ ಸವೆಸಿದರು. ಎರಡು ಸಲ ಸವೆಸಿದಾಗಲೂ ಏನೂ ಇಲ್ಲ. ಜಾಸ್ತಿ ಸವೆಸಿದರೆ ಹಲ್ಲಿನ ತಳವೇ ತೂತಾಗುತ್ತದೆ. ಆಗ ಪ್ರೊಫೆಸರು ಒಂದು ಕೆಲಸ ಮಾಡಿದರು. ತೊಳೆಯುವ ದ್ರಾವಣವನ್ನು ತಳದಲ್ಲಿ ತುಂಬಿ ಸುಮ್ಮನೆ ಕಾದರು. ಹೈಪೋಕ್ಲೋರೈಟ್ ಅಂತ ಅದರ ಹೆಸರು, ಬಟ್ಟೆ ಬೆಳ್ಳಗೆ ಮಾಡುವ ನೀರಿನದೇ ವಾಸನೆ. ಒಳಗೆ ಎಲ್ಲಾದರೂ ಹಳೆಯ ನರದ ಚೂರು ಉಳಿದಿದ್ದರೆ ಅದು ಈ ದ್ರಾವಣ ತಾಗಿ ಗುಳ್ಳೆ ಬಿಡುತ್ತದೆ. ಸ್ವಲ್ಪ ಹೊತ್ತಿಗೆ ಒಂದು ಚುಕ್ಕಿಯಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಮೇಲೆದ್ದವು. ಸೋಡಾ ಬಾಟಲಿಯಲ್ಲಿ ಏಳುತ್ತದಲ್ಲ, ಹಾಗೆ. ಆ ವಿಡಿಯೊ ನನ್ನ ಫೋನಿನಲ್ಲಿದೆ. ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಬರಿಗಣ್ಣಿಗೆ ಆ ಗುಳ್ಳೆ ಕಾಣುವ ಮಾತೇ ಇಲ್ಲ.

ಅಲ್ಲಿಗೆ ನೇರಳೆ ಹಿಡಿಯ 10ನೇ ನಂಬರ್ ಫೈಲ್, ಅಂದರೆ ನಾಳ ಉಜ್ಜುವ ಸೂಜಿಯಂಥ ಅರ, ಇಳಿಸಲು ನೋಡಿದರು, ಹೋಗಲಿಲ್ಲ. 10ನೇ ನಂಬರ್ ಅಂದರೆ ಅದರ ತುದಿಯ ದಪ್ಪ 0.10 ಮಿಲಿಮೀಟರ್. ನಮ್ಮ ವಾಚಿನ ಚಕ್ರದ ಮೊನೆಗೆ ಹತ್ತಿರ ಹತ್ತಿರ ಅಷ್ಟೇ. ಆಮೇಲೆ ಬೂದು ಹಿಡಿಯ 8ನೇ ನಂಬರ್, ಅದು 0.08. ಅದು ಇಳಿಯಿತು. ನಾಳದ ಉದ್ದ ಅಳೆಯುವ ಯಂತ್ರ ಕುಂಯ್ ಅಂತ ಸದ್ದು ಮಾಡಿದಾಗ ಆ ಹುಡುಗಿಯ ಕಣ್ಣಲ್ಲಿ ನೀರು. ಮಾಸ್ಕ್ ಮೇಲಿನಿಂದಲೇ ನನಗೆ ಗೊತ್ತಾಯಿತು. ನನ್ನ ಬಾಯಿ ತೆರೆದೇ ಇತ್ತು, ಏನು ಹೇಳಲೂ ಆಗಲಿಲ್ಲ. ಕೈ ಹಿಡಿದುಕೊಂಡೆ.

ಮಿಕ್ಕದ್ದು ಬೇಗ ಹೇಳುತ್ತೇನೆ. ಔಷಧಿ ಇಟ್ಟು ಕಳಿಸಿದರು, ಎರಡು ವಾರ ಬಿಟ್ಟು ಹೋದಾಗ ಒಸಡಿನ ಗುಳ್ಳೆ ಮಾಯವಾಗಿತ್ತು. ಮೂರು ಹಳೆಯ ನಾಳ, ಒಂದು ಹೊಸ ನಾಳ, ನಾಲ್ಕನ್ನೂ ಗಟ್ಟಾ ಪರ್ಚಾ ಅನ್ನುವ ಗುಲಾಬಿ ಬಣ್ಣದ ಕಡ್ಡಿಯಿಂದ ತುಂಬಿದರು. ಮಲೇಷ್ಯಾ ಕಡೆಯ ಮರದ ಹಾಲಿನಿಂದ ಮಾಡುತ್ತಾರಂತೆ. ಹೊಸ ಕ್ಯಾಪ್ ಹಾಕಿದರು. ಆರು ತಿಂಗಳಿಗೆ ಒಂದು, ವರ್ಷಕ್ಕೆ ಒಂದು ಎಕ್ಸ್‌ರೇ ತೆಗೆದರು. ಬೇರಿನ ತುದಿಯಲ್ಲಿ ಮೂಳೆ ಕರಗಿ ಕಪ್ಪಾಗಿದ್ದ ಜಾಗ ಮೊದಲು ಚಿಕ್ಕದಾಯಿತು, ಆಮೇಲೆ ಹುಡುಕಬೇಕಾಯಿತು. ಸ್ಕ್ಯಾನಿಗೆ 1,500, ಚಿಕಿತ್ಸೆಗೆ 4,500, ಕ್ಯಾಪಿಗೆ 3,500, ಒಟ್ಟು 9,500 ರೂಪಾಯಿ. ಕಾಲೇಜು ಆದ್ದರಿಂದ ಇಷ್ಟಕ್ಕೆ ಆಯಿತು. ಬೆಂಗಳೂರಿನದೇ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಮೈಕ್ರೋಸ್ಕೋಪ್ ಚಿಕಿತ್ಸೆಗೆ ಕ್ಯಾಪ್ ಬಿಟ್ಟು 18,000 ಹೇಳಿದ್ದರು. ನನ್ನ ಆರೋಗ್ಯ ವಿಮೆಯವರು, ಆಸ್ಪತ್ರೆಗೆ ದಾಖಲಾಗದ ಹಲ್ಲಿನ ಚಿಕಿತ್ಸೆಗೆ ಬಿಡಿಗಾಸೂ ಬರುವುದಿಲ್ಲ ಅಂದರು.

ಆ ಹುಡುಗಿ ಇನ್ನೊಂದು ವಿಷಯ ಹೇಳಿದಳು. ಸ್ವೀಡನ್ನಿನ ಕಿವಿ ಡಾಕ್ಟರೊಬ್ಬರು 1921ರಲ್ಲೇ ಮೈಕ್ರೋಸ್ಕೋಪ್ ಇಟ್ಟು ಆಪರೇಷನ್ ಮಾಡಿದ್ದರು. ಹಲ್ಲಿನ ಡಾಕ್ಟರಿಗೆ ಅಂತಲೇ ಮಾಡಿದ ಮೈಕ್ರೋಸ್ಕೋಪ್ ಮಾರುಕಟ್ಟೆಗೆ ಬಂದದ್ದು 1981ರಲ್ಲಿ, ಅಮೆರಿಕದಲ್ಲಿ. 1990ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ರೂಟ್ ಕೆನಾಲ್ ತಜ್ಞರಾಗಬೇಕಾದವರು ಮೈಕ್ರೋಸ್ಕೋಪಿನಲ್ಲಿ ಕಲಿಯಲೇಬೇಕು ಅಂತ ಮಾಡಿದರು. ನನಗೆ ಆಗ ಅನ್ನಿಸಿದ್ದು ಇದು. 1979ರಲ್ಲಿ ನಾನು ಫ್ಯಾಕ್ಟರಿ ಸೇರಿದಾಗ ನಮ್ಮ ತಪಾಸಣೆ ಮೇಜಿನ ಮೇಲೆ ಅದು ಆಗಲೇ ಇತ್ತು. ವಾಚು ನಿಂತರೆ ಇನ್ನೊಂದು ಕೊಡಬಹುದು. ಮನುಷ್ಯರ ಹಲ್ಲಿಗೆ ಅದು ಯಾಕೆ ಇಷ್ಟು ತಡವಾಗಿ ಬರಬೇಕು? ನಮ್ಮ ತಾಲ್ಲೂಕುಗಳಿಗೆ ಯಾಕೆ ಇನ್ನೂ ಬಂದಿಲ್ಲ?

ಮೈಕ್ರೋಸ್ಕೋಪ್ ಇದ್ದರೆ ಎಲ್ಲ ಹಲ್ಲೂ ಉಳಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ನನ್ನ ಓರಗಿತ್ತಿಯನ್ನೂ ಅಲ್ಲಿಗೇ ಕರೆದುಕೊಂಡು ಹೋಗಿದ್ದೆ. ಕೆಳಗಿನ ದವಡೆ ಹಲ್ಲು, ಅದಕ್ಕೂ ಹಿಂದೆ ರೂಟ್ ಕೆನಾಲ್ ಆಗಿತ್ತು. ಒಳಗೆ ನೀಲಿ ಬಣ್ಣ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಒಂದು ಗೋಡೆಯಿಂದ ತಳದ ಮೇಲೆ ಹಾದು ಇನ್ನೊಂದು ಗೋಡೆವರೆಗೆ ನೀಲಿ ಗೆರೆ ಎದ್ದು ಕಾಣಿಸಿತು. ಹಲ್ಲು ಸೀಳಿತ್ತು. ಅವತ್ತೇ ಕೀಳಿಸಿದೆವು. ಅವಳಿಗೆ ಬೇಜಾರಾಯಿತು, ಆದರೆ ‘ಇನ್ನು ಇದಕ್ಕೆ ದುಡ್ಡು ಸುರಿಯೋದು ಬೇಡ’ ಅಂತ ಖಚಿತವಾಯಿತು. ಅದೂ ಒಂದು ಉಪಕಾರವೇ. ಹಾಗೇ, ಒಂದೇ ನಾಳವಿರುವ ಮುಂದಿನ ಹಲ್ಲಿಗೆ ಇಷ್ಟೆಲ್ಲ ಬೇಕಾಗದೇ ಇರಬಹುದು. ಕೈ ಪಳಗಿದ ಡಾಕ್ಟರು ಲೂಪ್ ಹಾಕಿಕೊಂಡೇ ಎಷ್ಟೋ ಹಲ್ಲು ಉಳಿಸುತ್ತಾರೆ. ಯಂತ್ರ ಕೊಂಡ ಮಾತ್ರಕ್ಕೆ ಕೈ ಕೂಡಿಬರುವುದೂ ಇಲ್ಲ. ದೊಡ್ಡದಾಗಿ ಕಾಣುವಾಗ ನಮ್ಮ ಕೈಯ ಸಣ್ಣ ನಡುಕವೂ ದೊಡ್ಡದಾಗಿ ಕಾಣುತ್ತದೆ. ಬೆರಳು ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಫ್ಯಾಕ್ಟರಿಯಲ್ಲಿ ನನಗೆ ಅದು ಅಭ್ಯಾಸವಾಗಲು ಆರು ತಿಂಗಳು ಹಿಡಿಯಿತು. ಡಾಕ್ಟರಿಗೂ ಹಾಗೇ ಕಲಿಯಲು ಸಮಯ ಬೇಕು, ಕಲಿಸುವವರು ಬೇಕು.

ನಾನು ಕೇಳುವುದು ಇಷ್ಟು. ಒಮ್ಮೆ ರೂಟ್ ಕೆನಾಲ್ ಮಾಡಿದ ದವಡೆ ಹಲ್ಲು ಮತ್ತೆ ತೊಂದರೆ ಕೊಟ್ಟರೆ, ಕೀಳುವ ಮೊದಲು ಮೈಕ್ರೋಸ್ಕೋಪ್ ಇರುವ ಕಡೆಗೆ ಒಂದು ಚೀಟಿ ಬರೆದು ಕಳಿಸಿ. ಹೃದಯದ ತೊಂದರೆ ಕಂಡರೆ ತಾಲ್ಲೂಕಿನ ಡಾಕ್ಟರು ಹಾಸನಕ್ಕೋ ಬೆಂಗಳೂರಿಗೋ ಬರೆದುಕೊಡುತ್ತಾರೆ, ಅದರಿಂದ ಅವರ ಮರ್ಯಾದೆ ಕಮ್ಮಿಯಾಗುವುದಿಲ್ಲ. ಹಲ್ಲಿನಲ್ಲಿ ಮಾತ್ರ ಈ ಪದ್ಧತಿ ಇನ್ನೂ ಬೆಳೆದಿಲ್ಲ. ನನಗೆ ನೋವಾಗಿದ್ದು ನಾಲ್ಕನೇ ನಾಳ ಸಿಗಲಿಲ್ಲ ಅಂತಲ್ಲ. ಅಂಥದ್ದೊಂದು ಇರಬಹುದು, ಬೇರೆ ಕಡೆ ಹುಡುಕಿಸಬಹುದು ಅಂತ ಐದು ವರ್ಷದಲ್ಲಿ ಒಬ್ಬರೂ ನನಗೆ ಹೇಳಲಿಲ್ಲವಲ್ಲ, ಅದು.

ಸರ್ಕಾರಕ್ಕೂ ಒಂದು ಮಾತು. 2014ರಲ್ಲಿ ದಂತ ಭಾಗ್ಯ ಯೋಜನೆ ಬಂತು. ಹಲ್ಲು ಕಳೆದುಕೊಂಡ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ ಯೋಜನೆ. ತುಂಬಾ ಒಳ್ಳೆಯ ಕೆಲಸ. ಹಲ್ಲಿಲ್ಲದೆ ಗಂಜಿಯಲ್ಲೇ ದಿನ ದೂಡುವ ಅಜ್ಜಿಯರನ್ನು ನಾನು ನೋಡಿದ್ದೇನೆ. ಆದರೆ ಹಲ್ಲು ಹೋದ ಮೇಲೆ ಕೊಡುವ ಕಾಳಜಿ, ಹೋಗುವ ಮೊದಲು ಉಳಿಸುವುದಕ್ಕೂ ಬೇಕು ಅಲ್ವಾ? ಸ್ವಂತ ಬೇರಿನ ಮೇಲೆ ನಿಂತ ಒಂದು ದವಡೆ ಹಲ್ಲಿನಲ್ಲಿ ಅಗಿಯುವುದಕ್ಕೂ ಸೆಟ್ಟಿನಲ್ಲಿ ಅಗಿಯುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಸೆಟ್ ಹಾಕಿಕೊಂಡವರನ್ನು ಕೇಳಿ.

ದೇಶದಲ್ಲೇ ಅತಿ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ವರ್ಷ ವರ್ಷ ರೂಟ್ ಕೆನಾಲ್ ವಿಷಯದಲ್ಲೇ ಎಂಡಿಎಸ್ ಮಾಡಿದ ಮಕ್ಕಳು ಹೊರಗೆ ಬರುತ್ತಾರೆ. ಕಲಿತ ಮೇಲೆ ಮೈಕ್ರೋಸ್ಕೋಪ್ ಇಲ್ಲದ ಕ್ಲಿನಿಕ್ಕಿಗೆ ಹೋಗಿ ಕೂತರೆ ಆ ಕಲಿತದ್ದು ಯಾರಿಗೆ ದಕ್ಕಿತು? ಯಂತ್ರಕ್ಕೆ ಕೆಲವು ಲಕ್ಷದಿಂದ ಹಿಡಿದು ಹತ್ತಾರು ಲಕ್ಷದವರೆಗೂ ಬೆಲೆ ಇದೆ. ಹಳ್ಳಿ, ಪಟ್ಟಣದ ಡಾಕ್ಟರು ಸಾಲ ಮಾಡಿ ಕೊಂಡರೆ ಆ ಭಾರ ರೋಗಿಯ ಮೇಲೇ ಬೀಳುತ್ತದೆ. ಅದಕ್ಕೇ ಸರ್ಕಾರದ್ದೇ ಇರಬೇಕು ಅನ್ನುತ್ತೇನೆ. ಪ್ರತಿ ತಾಲ್ಲೂಕಿಗೆ ಕೊಡಿ ಅನ್ನುವಷ್ಟು ದುರಾಸೆ ನನಗಿಲ್ಲ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ, ಈ ನಾಲ್ಕು ವಿಭಾಗಕ್ಕೆ ಒಂದೊಂದು ಸರ್ಕಾರಿ ಆಸ್ಪತ್ರೆಯಲ್ಲಾದರೂ ಮೈಕ್ರೋಸ್ಕೋಪ್, ಅದನ್ನು ಬಳಸಲು ಬಲ್ಲ ಒಬ್ಬ ತಜ್ಞರು, ವಾರದಲ್ಲಿ ಗೊತ್ತಾದ ದಿನ, ಬಿಪಿಎಲ್ ಕಾರ್ಡಿನವರಿಗೆ ಉಚಿತ. ಇಷ್ಟರಿಂದ ಶುರುವಾಗಲಿ. ಆಮೇಲೆ ಜಿಲ್ಲೆಗೊಂದು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲೆಲ್ಲಿ ಇಂಥ ಯಂತ್ರ ಇದೆ, ಅದರಲ್ಲಿ ಯಾವುದು ದಿನಾ ಬಳಕೆಯಲ್ಲಿದೆ, ಯಾವುದು ಮುಸುಕು ಹಾಕಿಕೊಂಡು ಮೂಲೆಯಲ್ಲಿದೆ, ಇದನ್ನು ಇಲಾಖೆ ಒಂದು ಪಟ್ಟಿ ಮಾಡಿ ಪ್ರಕಟಿಸಲಿ. ನಿಮ್ಮ ವರದಿಗಾರರು ಕೇಳಿದರೆ ಕೊಡಬಹುದು. ನಾನು ಕೇಳಿದರೆ ಯಾರು ಕೊಡುತ್ತಾರೆ?

ಖಾಸಗಿಯವರ ವಿಷಯ. ನಮ್ಮ ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ಚಿಕಿತ್ಸೆಯ ದರ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ಹಲ್ಲಿನ ಕ್ಲಿನಿಕ್ಕುಗಳು ಆ ಫಲಕದಲ್ಲಿ ‘ರೂಟ್ ಕೆನಾಲ್’ ಅಂತ ಒಂದೇ ಸಾಲು ಬರೆಯುವ ಬದಲು, ಮೈಕ್ರೋಸ್ಕೋಪಿನಲ್ಲಿ ಮಾಡಿದರೆ ಎಷ್ಟು, ಇಲ್ಲದೆ ಮಾಡಿದರೆ ಎಷ್ಟು, ಎರಡನೇ ಸಲ ಮಾಡಿದರೆ ಎಷ್ಟು ಅಂತ ಬಿಡಿಸಿ ಬರೆಯಲಿ. ಬೋರ್ಡಿನಲ್ಲಿ ದೊಡ್ಡದಾಗಿ ‘ಮೈಕ್ರೋಸ್ಕೋಪ್’ ಅಂತ ಹಾಕಿಕೊಂಡಿದ್ದರೆ ರೋಗಿಗಳು ಕೇಳಬೇಕು, ‘ಡಾಕ್ಟ್ರೇ, ನನ್ನ ಹಲ್ಲಿಗೂ ಬಳಸ್ತೀರಾ? ಒಳಗಿನ ಚಿತ್ರ ತೋರಿಸ್ತೀರಾ?’ ಅಂತ. ಕೇಳುವುದರಲ್ಲಿ ತಪ್ಪೇನಿಲ್ಲ. ಬಳಸುವವರು ಖುಷಿಯಿಂದಲೇ ತೋರಿಸುತ್ತಾರೆ. ನನಗೆ ತೋರಿಸಿದರಲ್ಲ.

ಚಿಕಿತ್ಸೆ ಮುಗಿದ ಮೇಲೆ ನಾನು ಊರಿನ ನಮ್ಮ ಡಾಕ್ಟರ ಹತ್ತಿರ ಹೋದೆ. ಜಗಳಕ್ಕಲ್ಲ. ಸಿಹಿ ತಗೊಂಡು ಹೋಗಿದ್ದೆ. ಗುಳ್ಳೆ ಏಳುವ ಆ ವಿಡಿಯೊ ತೋರಿಸಿದೆ. ಮೂರು ಸಲ ನೋಡಿದರು. ಏನೂ ಮಾತಾಡಲಿಲ್ಲ ಸ್ವಲ್ಪ ಹೊತ್ತು. ಆಮೇಲೆ ‘ಇದನ್ನ ನನಗೆ ಕಳಿಸ್ತೀರಾ ಅಮ್ಮ’ ಅಂದರು. ಕಳಿಸಿದೆ. ಹೋದ ದೀಪಾವಳಿಗೆ ಸಿಕ್ಕಾಗ, ಇಂಥ ಹಲ್ಲು ಬಂದರೆ ಈಗ ನಾನೇ ಆ ಕಾಲೇಜಿಗೆ ಬರೆದುಕೊಡುತ್ತೇನೆ, ಹೋದವರಲ್ಲಿ ಮೂವರ ಹಲ್ಲು ಉಳಿದಿದೆ ಅಂದರು. ಅವರ ಮೇಜಿನ ಮೇಲೆ ಹೊಸದೊಂದು ಲೂಪ್ ಇತ್ತು. ಕೈಗೆತ್ತಿಕೊಂಡು ನೋಡಿದೆ, ಒಳ್ಳೆಯದೇ.

ಸಂಪಾದಕರೇ, ಪ್ರಶ್ನೆ ಕೇಳಿದ ಆ ಓದುಗರ ವಿಳಾಸ ನಿಮ್ಮ ಹತ್ತಿರ ಇರುತ್ತದೆ. ಅವರ ಹಲ್ಲು ಇನ್ನೂ ಕಿತ್ತಿಲ್ಲದಿದ್ದರೆ ದಯವಿಟ್ಟು ಈ ಕಾಗದದ ಒಂದು ಪ್ರತಿ ಅವರಿಗೆ ಬೇಗ ಕಳಿಸಿ. ಹತ್ತಿರದ ಯಾವುದಾದರೂ ದಂತ ಕಾಲೇಜಿನ ರೂಟ್ ಕೆನಾಲ್ ವಿಭಾಗಕ್ಕೆ ಫೋನ್ ಮಾಡಿ, ಮೈಕ್ರೋಸ್ಕೋಪ್ ಇದೆಯಾ ಅಂತ ಮೊದಲು ಕೇಳಲಿ. ಹೋಗುವಾಗ ಹಳೆಯ ಎಕ್ಸ್‌ರೇಗಳನ್ನೆಲ್ಲ ತಪ್ಪದೆ ಜೊತೆಗೆ ಒಯ್ಯಲಿ. ನನ್ನ 2019ರ ಎಕ್ಸ್‌ರೇ ಸೀರೆ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತ್ತು, ಅದರಿಂದ ತುಂಬಾ ಅನುಕೂಲವಾಯಿತು ಅಂತ ಆ ಹುಡುಗಿ ಹೇಳಿದಳು.

ಇಂತಿ,
ಎಚ್‌ಎಂಟಿಯ ಒಬ್ಬ ನಿವೃತ್ತ ಉದ್ಯೋಗಿ,
ತಿಪಟೂರು